ಬಯಲ ಸಭೆಯೂ ಜೇನುಹುಳುವೂ

ಬಯಲಿನಲ್ಲಿ ನೆರೆಯುವುದು ನಮ್ಮ ಜನಜೀವನದ ಬಹು ಹಳೆಯ ವಾಡಿಕೆ. ಜಾತ್ರೆ, ಪುರಾಣ-ಪ್ರವಚನ, ಸಾಮೂಹಿಕ ವಿವಾಹ, ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನ, ಹಳೆಯ ವಿದ್ಯಾರ್ಥಿಗಳ ಸಮಾಗಮ ಇವಾವುವೂ ನಾಲ್ಕು ಗೋಡೆಗಳ ನಡುವೆ ಹಿಡಿಸತಕ್ಕವಲ್ಲ. ನೂರಾರು ವರ್ಷ ಬಾಳಿದ ಆಲದ ನೆರಳೋ, ಅರಳಿಯ ಕಟ್ಟೆಯೋ, ಊರ ಮುಂದಿನ ಹುಣಿಸೆಯ ತೋಪೋ ದೊರೆತರೆ ಅಲ್ಲಿಯೇ ಜಮಖಾನ ಹಾಸಿ ವೇದಿಕೆ ಕಟ್ಟುತ್ತೇವೆ. ಆದರೆ ನಾವು ಯಾವ ಎತ್ತರಕ್ಕೂ ವಿಸ್ತಾರಕ್ಕೂ ಮೆಚ್ಚಿ ಆ ಮರವನ್ನು ಆರಿಸುತ್ತೇವೆಯೋ ಅದೇ ಎತ್ತರಕ್ಕೂ ವಿಸ್ತಾರಕ್ಕೂ ಮೆಚ್ಚಿ ಹೆಜ್ಜೇನು ಸಹ ಅದನ್ನು ಆರಿಸಿರುತ್ತದೆ. ಕೆಳಗೊಂದು ಸಭೆ, ಮೇಲೊಂದು ಸಭೆ. ಕೆಳಗಿನವರು ಮೇಲಿನವರನ್ನು ಗಮನಿಸದೆ ಹೋದಾಗ ಅನಾಹುತ ಸಂಭವಿಸುತ್ತದೆ.

ಹೆಜ್ಜೇನು ಎರಗಿ ಮದುವೆಯ ದಿಬ್ಬಣ ದಿಕ್ಕಾಪಾಲಾದ, ಶವವನ್ನು ನಡುದಾರಿಯಲ್ಲಿ ಇಳಿಸಿ ಜನ ಓಡಿಹೋದ, ಕೋಟೆ ನೋಡಲು ಹೋದ ಶಾಲಾ ಮಕ್ಕಳು ಆಸ್ಪತ್ರೆ ಸೇರಿದ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತಲೇ ಇರುತ್ತವೆ. ಅವುಗಳ ಬೆನ್ನಿಗೇ ಜೇನನ್ನು ಅಟ್ಟುವ ನಾನಾ ಉಪಾಯಗಳೂ ಬಾಯಿಂದ ಬಾಯಿಗೆ ಹರಡುತ್ತವೆ: ಬೇವಿನ ಸೊಪ್ಪಿನ ಹೊಗೆ, ನಿಂಬೆಹುಲ್ಲಿನ ಎಣ್ಣೆ, ಲವಂಗ, ಬೆಳ್ಳುಳ್ಳಿ, ಚೆಂಡುಹೂವು. ವಿಷ ಸಿಂಪಡಿಸದೆ, ಬೆಂಕಿ ಇಡದೆ, ಪ್ರಕೃತಿಗೆ ಒಗ್ಗುವ ರೀತಿಯಲ್ಲಿ ಜೇನನ್ನು ಸಭೆಯಿಂದ ದೂರವಿಡಲು ಸಾಧ್ಯವೆ? ಸಾಧ್ಯವಿದ್ದರೆ ಹೇಗೆ? ಈ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರ ಹೇಳುವುದು ಪ್ರಸ್ತುತ ಲೇಖನದ ಉದ್ದೇಶ. ಸಭೆ-ಸಮಾರಂಭಗಳ ಹೊಣೆ ಹೊರುವ ಶಿಕ್ಷಕ ಬಂಧುಗಳಿಗೂ, ಅವಕ್ಕೆ ನೆರವಾಗುವ ದಾನಿಗಳಿಗೂ ಇದರಿಂದ ಪ್ರಯೋಜನವಾದೀತೆಂದು ನಂಬಿದ್ದೇನೆ.

ಒಂದು ಹಳೆಯ ತಪ್ಪು

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ಸ್ವಂತ ತಪ್ಪಿನಿಂದ. 1984ರ ಫೆಬ್ರವರಿ ತಿಂಗಳು. ನಾನು ಆಗಷ್ಟೇ ಶಿಕ್ಷಕ ವೃತ್ತಿಗೆ ಸೇರಿದ್ದೆ. ಬೇರೊಂದು ಊರಿನ ಆ ಶಾಲೆಯ ವಾರ್ಷಿಕ ಸಮ್ಮೇಳನದ ವ್ಯವಸ್ಥೆಯನ್ನು, ಉತ್ಸಾಹಿ ತರುಣನೆಂದು, ನನಗೇ ವಹಿಸಿದ್ದರು. ಶಾಲೆಯ ಅಂಗಳದ ಆಲದ ಮರದಲ್ಲಿ ಮೂರು ಹೆಜ್ಜೇನಿನ ಹುಟ್ಟುಗಳಿದ್ದವು. ಮರದ ಕೆಳಗೇ ಸಭೆ. ಮರದ ಹಿಂದೆ ಅಡುಗೆಯ ಒಲೆ. ಧ್ವನಿವರ್ಧಕದ ತುತ್ತೂರಿಯನ್ನು ದೂರ ಕೇಳಿಸಲೆಂದು ಕೊಂಬೆಗೇ ಕಟ್ಟಿಸಿದೆ. ಅಡುಗೆಗೆ ಬಂದಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿ, "ಮ್ಯಾಲ ಹುಳ ಅದಾವ್ರೀ ಸರ, ಒಲಿ ಆ ಕಡೆ ಹೂಡೋಣೇನ್ರೀ?" ಎಂದು ಕೇಳಿದಳು. "ಅವು ವರ್ಷಾನೂ ಇರ್ತಾವ ಬೇ, ಏನೂ ಮಾಡೂದಿಲ್ಲ" ಎಂದುಬಿಟ್ಟೆ.

ಒಲೆಯ ಹೊಗೆ ಮೇಲೇರುತ್ತಿತ್ತು. ಅತಿಥಿಗಳು ಬಂದರೆಂದು ಹುಡುಗರು ಪಟಾಕಿಯ ಸರ ಹಚ್ಚಿದರು. ಕ್ಷಣಾರ್ಧದಲ್ಲಿ ಕೊಂಬೆಯ ಕೆಳಗೆ ಕಪ್ಪಾಗಿ ತೂಗುತ್ತಿದ್ದ ಪರದೆ ಹರಿದುಬಿದ್ದಂತಾಯಿತು. ಆಮೇಲಿನ ಕಾಲು ಗಂಟೆಯನ್ನು ವರ್ಣಿಸಲು ಮನಸ್ಸು ಒಪ್ಪುವುದಿಲ್ಲ. ಓಡಬಲ್ಲವರು ಓಡಿದರು. ಮುಂದಿನ ಸಾಲಿನ ಪುಟ್ಟ ಮಕ್ಕಳು ಕುಳಿತಲ್ಲಿಯೇ ಅಳುತ್ತಿದ್ದರು. ಅದೇ ಮುದುಕಿ ಜಮಖಾನದ ಅಂಚು ಹಿಡಿದೆಳೆದು ಹತ್ತು ಹನ್ನೆರಡು ಮಕ್ಕಳ ಮೇಲೆ ಹೊದಿಸಿ, ತಾನೂ ಅದರೊಳಗೆ ತೂರಿಕೊಂಡಳು. ಆ ಮಕ್ಕಳಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ಓಡುತ್ತ ಎಡವಿ ಬಿದ್ದ ನಾಲ್ಕನೆಯ ಇಯತ್ತೆಯ ಬಾಲಕನೊಬ್ಬ ಮೂರು ದಿನ ಆಸ್ಪತ್ರೆಯಲ್ಲಿ ಕಣ್ಣು ತೆರೆಯಲಾರದೆ ಮಲಗಿದ್ದ. ಅವನು ಬದುಕಿದನೆಂಬುದೇ ನನ್ನ ಪುಣ್ಯ.

ಮರುವಾರ ಹಿರಿಯರ ನಿರ್ಣಯದಂತೆ ರಾತ್ರಿ ಪಂಜು ಹಿಡಿದು ಮೂರೂ ಹುಟ್ಟುಗಳನ್ನು ಸುಡಲಾಯಿತು. ಮುಂದಿನ ವರ್ಷ ಅದೇ ಕೊಂಬೆಗಳಿಗೆ ನಾಲ್ಕು ಹುಟ್ಟುಗಳು ಬಂದು ಕುಳಿತವು. ಸುಟ್ಟದ್ದರಿಂದ ಆದ ಲಾಭವೇನೆಂಬ ಪ್ರಶ್ನೆ ಅಂದು ನನ್ನನ್ನು ಹಿಡಿದುಕೊಂಡಿತು. ಬಲ್ಲವರನ್ನು ಕೇಳುತ್ತ, ಓದುತ್ತ, ನೋಡುತ್ತ ಕಂಡುಕೊಂಡ ಸಂಗತಿಗಳೇ ಮುಂದಿನವು.

ಯಾವ ಜೇನು?

"ಜೇನು ಬಂದಿದೆ" ಎಂಬ ಕೂಗು ಎದ್ದಾಗ ಮೊದಲು ತಿಳಿಯಬೇಕಾದುದು, ಬಂದಿರುವುದು ಯಾವ ಜೇನು ಎಂಬುದು. ನಮ್ಮ ನಾಡಿನಲ್ಲಿ ಸಹಜವಾಗಿ ನೆಲಸಿರುವ ಜೇನುಗಳು ಮುಖ್ಯವಾಗಿ ನಾಲ್ಕು. ಮಿಸರಿ ಅಥವಾ ನಸರಿ ಎಂಬುದು ಗೋಡೆಯ ಸಂದು, ಮರದ ಪೊಟರೆಗಳಲ್ಲಿ ಇರುವ ಅತಿ ಚಿಕ್ಕ ಹುಳು. ಅದಕ್ಕೆ ಕುಟುಕಲು ಮುಳ್ಳೇ ಇಲ್ಲ. ಕೋಲುಜೇನು ಪೊದೆ, ಬೇಲಿಗಳ ಸಣ್ಣ ರೆಂಬೆಗೆ ಅಂಗೈಯಗಲದ ಒಂದೇ ಎರಿ ಕಟ್ಟುತ್ತದೆ. ಇದು ಬಹುಮಟ್ಟಿಗೆ ಸಾಧು. ತುಡುವೆ ಜೇನು ಕತ್ತಲೆಯ ಪೊಟರೆಗಳಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದರಿಂದ ಪೆಟ್ಟಿಗೆಯಲ್ಲಿ ಸಾಕಲು ಒಗ್ಗುತ್ತದೆ. ಪಾನಕದ ಕೊಳಗದ ಸುತ್ತ, ಕಬ್ಬಿನ ಹಾಲಿನ ಗಾಣದ ಸುತ್ತ ಹಾರಾಡುವುದು ಹೆಚ್ಚಾಗಿ ಇದೇ. ತಿನ್ನಲು ಬಂದ ಈ ಹುಳು ಕೈಗೋ ತುಟಿಗೋ ಸಿಕ್ಕಿಕೊಂಡಾಗ ಕುಟುಕುತ್ತದೆಯೇ ಹೊರತು ತಾನಾಗಿ ಜಗಳಕ್ಕೆ ಬರುವುದಿಲ್ಲ.

ನಾಲ್ಕನೆಯದು ಹೆಜ್ಜೇನು. ಇದು ಪೊಟರೆಯನ್ನು ಬಯಸುವುದಿಲ್ಲ. ಎತ್ತರದ ಕೊಂಬೆ, ಬಂಡೆಯ ಚಾಚು, ನೀರಿನ ಟಾಕಿ, ಗೋಪುರ, ಬಹುಮಹಡಿ ಕಟ್ಟಡದ ಸಜ್ಜೆ ಇವುಗಳ ಅಡಿಯಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ತೂಗುಬಿಡುತ್ತದೆ. ಎರಿಯ ಅಗಲ ಒಂದು ಮೀಟರನ್ನೂ ಮೀರಬಹುದು. ಒಂದು ಸಂಸಾರದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಹುಳುಗಳಿರಬಹುದು. ಒಂದೇ ಮರದಲ್ಲಿ ಹತ್ತಾರು ಸಂಸಾರಗಳು ಒಟ್ಟಿಗೆ ಬೀಡುಬಿಡುವುದೂ ಉಂಟು. ಗೋಡೆಯಿಲ್ಲದ ಮನೆಯಾದುದರಿಂದ ಇದರ ಕಾವಲು ಕಟ್ಟುನಿಟ್ಟು. ಹುಳುಗಳು ಪದರ ಪದರವಾಗಿ ಒಂದಕ್ಕೊಂದು ಹೆಣೆದುಕೊಂಡು ಎರಿಯ ಮೇಲೆ ಜೀವಂತ ಪರದೆಯಾಗಿ ನಿಂತಿರುತ್ತವೆ. ಕಣಜದ ಹುಳು ಸಮೀಪಿಸಿದರೆ ಸಾವಿರಾರು ಜೇನುಗಳು ಒಂದಾದ ಮೇಲೊಂದು ಹಿಂಭಾಗವನ್ನು ಮೇಲೆತ್ತುವುದರಿಂದ ಪರದೆಯ ಮೇಲೆ ಅಲೆ ಎದ್ದಂತೆ ಮಿಂಚು ಹರಿಯುತ್ತದೆ. ದೂರದಿಂದ ನೋಡುವವರಿಗೆ ಅದೊಂದು ಚೆಲುವು. ವಾಸ್ತವದಲ್ಲಿ ಅದು ಎಚ್ಚರಿಕೆ.

ಬಯಲ ಸಭೆಗೆ ಒದಗುವ ತೊಂದರೆಗಳು ಹೀಗೆ ಎರಡು ಬಗೆಯವು: ಸಿಹಿಯನ್ನರಸಿ ಬರುವ ತುಡುವೆಯದು ಒಂದು, ಮನೆ ಕಾಯಲು ಎರಗುವ ಹೆಜ್ಜೇನಿನದು ಇನ್ನೊಂದು. ಮೊದಲನೆಯದನ್ನು ತಡೆಯುವ ಕ್ರಮ ಬೇರೆ, ಎರಡನೆಯದರ ಕ್ರಮ ಬೇರೆ. ಇವೆರಡನ್ನೂ ಬೆರೆಸಿದ್ದರಿಂದಲೇ ಅನೇಕ ತಪ್ಪು ಉಪಾಯಗಳು ಹುಟ್ಟಿಕೊಂಡಿವೆ.

ಹೆಜ್ಜೇನು ಎರಗುವುದೇಕೆ?

ಹೆಜ್ಜೇನು ಕಾರಣವಿಲ್ಲದೆ ಎರಗುವುದಿಲ್ಲ. ಆ ಕಾರಣ ಕೆಳಗಿನವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಒಲೆಯ ಬಿಸಿ ಹೊಗೆ, ಪಟಾಕಿಯ ಸಿಡಿತ, ಕೊಂಬೆಯನ್ನು ನಡುಗಿಸುವ ಕಂಪನ, ಎಸೆದ ಕಲ್ಲು, ಎರಿಯ ಸಮೀಪಕ್ಕೆ ಹಾರುವ ಗಾಳಿಪಟ, ಇತ್ತೀಚಿನ ಸಮಾರಂಭಗಳಲ್ಲಿ ಚಿತ್ರ ತೆಗೆಯಲು ಹಾರಿಸುವ ಡ್ರೋನ್ ಯಂತ್ರ ಇವೆಲ್ಲ ಅದನ್ನು ಕೆರಳಿಸಬಲ್ಲವು. ಕೆಲವೊಮ್ಮೆ ಮನುಷ್ಯನ ತಪ್ಪು ಏನೂ ಇರುವುದಿಲ್ಲ. ಜೇನುಗಿಡುಗ ಎಂಬ ಹಕ್ಕಿ ಎರಿಯನ್ನು ಕಿತ್ತೊಯ್ಯಲು ಎರಗಿ ಹಾರಿಹೋಗುತ್ತದೆ; ಕೆರಳಿದ ಹುಳುಗಳಿಗೆ ಕೆಳಗೆ ನಡೆಯುವ ದಾರಿಹೋಕ ಸಿಕ್ಕಿಬೀಳುತ್ತಾನೆ.

ಒಂದು ಹುಳು ಕುಟುಕಿದೊಡನೆ ನೂರು ಹುಳುಗಳು ಅಲ್ಲಿಗೇ ಬರುವುದರ ಮರ್ಮ ವಾಸನೆಯಲ್ಲಿದೆ. ಕುಟುಕಿದ ಮುಳ್ಳಿನ ಬುಡದಿಂದ ಒಂದು ಬಗೆಯ ಎಚ್ಚರಿಕೆಯ ಗಂಧ ಹೊರಸೂಸುತ್ತದೆ. ಆ ಗಂಧದ ಮುಖ್ಯ ವಸ್ತು ಐಸೊಪೆಂಟೈಲ್ ಅಸಿಟೇಟ್ ಎಂಬುದನ್ನು 1962ರಲ್ಲಿ ಕೆನಡ ದೇಶದ ವಿಜ್ಞಾನಿಗಳು ಸಾಕುಜೇನಿನಲ್ಲಿ ಗುರುತಿಸಿದರು. ಮಾಗಿದ ಬಾಳೆಹಣ್ಣಿನ ಪರಿಮಳದಲ್ಲಿಯೂ ಇದೇ ವಸ್ತು ಇದೆ. ಜೇನು ಸಾಕುವವರು ಪೆಟ್ಟಿಗೆಯ ಬಳಿ ಬಾಳೆಹಣ್ಣು ತಿನ್ನದಿರುವುದು ಇದರಿಂದಲೇ. ಹೆಜ್ಜೇನಿನಲ್ಲಿ ಇದರೊಡನೆ ಬೇಗ ಆರದಿರುವ ಇನ್ನೊಂದು ವಸ್ತುವೂ ಸೇರಿರುವುದರಿಂದ ಗುರುತು ಬಹಳ ಹೊತ್ತು ಅಳಿಯದು. ಕುಟುಕಿಸಿಕೊಂಡವನ ಬಟ್ಟೆಯೇ ಉಳಿದ ಹುಳುಗಳಿಗೆ ಗುರಿಯಾಗುತ್ತದೆ. ಕೈ ಬೀಸಿ ಹೊಡೆಯುವುದು, ಹುಳುವನ್ನು ಅಲ್ಲಿಯೇ ಹೊಸಕುವುದು ಆ ಗಂಧವನ್ನು ಹೆಚ್ಚಿಸುವ ಕೆಲಸಗಳೇ ಸರಿ.

ಜೇನಿನ ಕಣ್ಣಿಗೆ ನಮ್ಮ ಕೆಂಪು ಬಣ್ಣ ಕಪ್ಪಿನಂತೆಯೇ ತೋರುತ್ತದೆ. ಕಪ್ಪು, ಒರಟು, ರೋಮಮಯವಾದ ವಸ್ತುವನ್ನು ಅದು ಹೆಚ್ಚು ಬೇಗ ಶತ್ರುವೆಂದು ಬಗೆಯುತ್ತದೆ. ಜೇನು ಕದಿಯುವ ಕರಡಿಯ ರೂಪವೂ ಅದೇ ತಾನೆ! ಕುಟುಕುಗಳು ತಲೆಗೂದಲಿನಲ್ಲಿಯೂ ಮುಖದ ಸುತ್ತಲೂ ಹೆಚ್ಚಾಗಿ ಬೀಳುವುದಕ್ಕೆ ಇದೂ ಒಂದು ಕಾರಣ, ನಮ್ಮ ಉಸಿರು ಇನ್ನೊಂದು ಕಾರಣ.

ವಾಸನೆಯ ಮದ್ದುಗಳ ವಿಚಾರ

ಇನ್ನು ಪ್ರಚಲಿತ ಉಪಾಯಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ನಿಂಬೆಹುಲ್ಲಿನ ಎಣ್ಣೆ ಸಿಂಪಡಿಸಿದರೆ ಜೇನು ಬಾರದೆಂಬ ಮಾತು ವ್ಯಾಪಕವಾಗಿದೆ. ಸೊಳ್ಳೆಯನ್ನು ದೂರವಿಡುವ ಗುಣ ಈ ಜಾತಿಯ ಹುಲ್ಲುಗಳ ಎಣ್ಣೆಗಿರುವುದರಿಂದ ಜೇನಿಗೂ ಅದು ಆದೀತೆಂದು ಊಹಿಸಿದ್ದಾರೆ. ಆದರೆ ದುಡಿಮೆಯ ಜೇನುಗಳು ತಮ್ಮವರನ್ನು "ಇಲ್ಲಿ ಬನ್ನಿ" ಎಂದು ಕರೆಯಲು ಹೊರಸೂಸುವ ಗಂಧದಲ್ಲಿ ಸಿಟ್ರಾಲ್, ಜೆರೇನಿಯಾಲ್ ಎಂಬ ವಸ್ತುಗಳಿವೆ. ನಿಂಬೆಹುಲ್ಲಿನ ಎಣ್ಣೆಯ ಮುಖ್ಯ ವಸ್ತುವೂ ಸಿಟ್ರಾಲೇ. ಆದ್ದರಿಂದ ಜೇನು ಸಾಕುವವರು ಹೊಸ ಹಿಂಡನ್ನು ಖಾಲಿ ಪೆಟ್ಟಿಗೆಗೆ ಆಕರ್ಷಿಸಲು ಇದನ್ನೇ ಹಚ್ಚುತ್ತಾರೆ. ಅಟ್ಟಲೆಂದು ಚೆಲ್ಲಿದ್ದು ಆಮಂತ್ರಣವಾಗುವ ಸಂಭವವಿದೆ.

ಚೆಂಡುಹೂವಿನ ಕಂಪಿಗೆ ಜೇನು ಹೆದರುತ್ತದೆಂಬುದೂ ನಿಲ್ಲುವ ಮಾತಲ್ಲ. ಚೆಂಡುಹೂವಿನ ಹೊಲದಲ್ಲಿ ಹತ್ತು ನಿಮಿಷ ನಿಂತವರಿಗೆ ಜೇನು ಅದರ ಮೇಲೆ ಕುಳಿತು ಪರಾಗ ಕೂಡಿಸುವುದು ತಾನೇ ಕಂಡೀತು. ಲವಂಗ, ಬೆಳ್ಳುಳ್ಳಿ, ಪುದೀನಗಳ ಕಟುವಾಸನೆ ಒಂದು ತಟ್ಟೆಯ ಬಳಿ ಸುಳಿಯುವ ಒಂದೆರಡು ಹುಳುಗಳನ್ನು ಕೊಂಚ ಹಿಂಜರಿಸಬಹುದು. ಗಾಳಿಯಾಡುವ ಬಯಲಿನಲ್ಲಿ ಸಾವಿರ ಜನರನ್ನು ಕಾಯುವ ಶಕ್ತಿ ಅದಕ್ಕಿಲ್ಲ.

ಹೊಗೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ತುಡುವೆಯ ಪೆಟ್ಟಿಗೆ ತೆರೆಯುವಾಗ ಹೊಗೆತಿದಿಯಿಂದ ತಣ್ಣನೆಯ ಹೊಗೆ ಊದುವುದು ನಿಜ. ಆ ಹೊಗೆ ಎಚ್ಚರಿಕೆಯ ಗಂಧವನ್ನು ಮುಚ್ಚುತ್ತದೆ. ಕಾಡ್ಗಿಚ್ಚು ಬಂತೆಂದು ಬಗೆದ ಹುಳುಗಳು ಮನೆ ಬಿಡಲು ಸಿದ್ಧವಾಗಿ ಜೇನು ಕುಡಿದು ಮಂದವಾಗುತ್ತವೆ. ಕೊಡಗು, ಹೆಗ್ಗಡದೇವನಕೋಟೆಗಳ ಕಾಡುಗಳಲ್ಲಿ ತಲೆಮಾರುಗಳಿಂದ ಹೆಜ್ಜೇನು ಕೀಳುತ್ತ ಬಂದಿರುವ ಜೇನುಕುರುಬರೂ ಹೊಗೆಯನ್ನು ಬಳಸುತ್ತಾರೆ. ಆದರೆ ಅವರು ಆ ಕೆಲಸ ಮಾಡುವುದು ಕತ್ತಲೆಯಲ್ಲಿ, ಮರದ ಕೆಳಗೆ ಅನ್ಯರಿಲ್ಲದಾಗ, ಹೊಗೆ ಎಷ್ಟು, ಯಾವಾಗ, ಯಾವ ಕಡೆಯಿಂದ ಎಂಬ ಅನುಭವದೊಡನೆ. ಹಾಡುಹಗಲಿನಲ್ಲಿ ಜನಸಮೂಹದ ನಡುವೆ ಬೇವಿನ ಸೊಪ್ಪು ಉರಿಸಿ ಹೆಜ್ಜೇನಿನ ಕೆಳಗೆ ಹಿಡಿಯುವುದು ಅದನ್ನು ಅಟ್ಟುವುದಲ್ಲ, ಎಬ್ಬಿಸುವುದು.

ಹಾಗಾದರೆ ಸಹಜವಾದ ಉಪಾಯವೇ ಇಲ್ಲವೆ? ಇದೆ. ಅದು ಶೀಷೆಯಲ್ಲಿ ದೊರೆಯುವಂಥದಲ್ಲ. ಜೇನಿನ ಸ್ವಭಾವವನ್ನರಿತು ನಮ್ಮ ವ್ಯವಸ್ಥೆಯನ್ನು ತಿದ್ದಿಕೊಳ್ಳುವುದೇ ಆ ಉಪಾಯ.

ಸ್ಥಳ ಮತ್ತು ಕಾಲ

ಹೆಜ್ಜೇನು ಅಲೆಮಾರಿ. ಹೂವಿನ ಸುಗ್ಗಿಯಲ್ಲಿ ಬಂದು, ಸುಗ್ಗಿ ಮುಗಿದೊಡನೆ ಎರಿಯನ್ನು ಬರಿದು ಮಾಡಿ ಬಹು ದೂರಕ್ಕೂ ವಲಸೆ ಹೋಗಬಲ್ಲುದು. ಆದರೆ ಮರಳಿ ಬರುವಾಗ ಹಳೆಯ ಜಾಗಕ್ಕೇ ಬರುವುದು ಅದರ ವೈಶಿಷ್ಟ್ಯ. ಅಸ್ಸಾಮಿನಲ್ಲಿ ನಡೆಸಿದ ಅಧ್ಯಯನವೊಂದು 2000ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಲಸೆ ಹೋದ ರಾಣಿಜೇನುಗಳೇ ತಮ್ಮ ಹಿಂದಿನ ನೆಲೆಗೆ ಮರಳುತ್ತವೆಂಬುದನ್ನು ಅದು ಆನುವಂಶಿಕ ಪರೀಕ್ಷೆಯಿಂದ ತೋರಿಸಿತು. ದುಡಿಮೆಯ ಹುಳುವಿನ ಆಯುಸ್ಸು ಅಲ್ಪವಾದುದರಿಂದ, ಹೋದ ಹುಳುಗಳೇ ದಾರಿ ನೆನಪಿಟ್ಟು ಮರಳುತ್ತವೆ ಎನ್ನಲಾಗದು. ಆದರೂ ಸಂಸಾರ ಹಳೆಯ ಕೊಂಬೆಯನ್ನು ತಪ್ಪದು. ಹಳೆಯ ಎರಿಯ ಮೇಣದ ಉಳಿಕೆಯೂ ಹೊಸ ಹಿಂಡುಗಳನ್ನು ಸೆಳೆಯುತ್ತದೆ. 1984ರಲ್ಲಿ ಸುಟ್ಟ ಕೊಂಬೆಗೆ ಮರುವರ್ಷ ನಾಲ್ಕು ಹುಟ್ಟುಗಳು ಬಂದುದರಲ್ಲಿ ಆಶ್ಚರ್ಯವಿಲ್ಲವೆಂದು ನಾನು ತಿಳಿದದ್ದು ಬಹಳ ತಡವಾಗಿ.

ಇದರಿಂದ ಎರಡು ನಿಯಮಗಳು ಫಲಿಸುತ್ತವೆ. ಶಾಲೆಯ ಸಜ್ಜೆ, ಸಭಾಂಗಣದ ಚಾಚು, ನೀರಿನ ಟಾಕಿ ಮೊದಲಾದ, ಜನ ನಿತ್ಯವೂ ಓಡಾಡುವ ಸ್ಥಳಗಳಲ್ಲಿ ಹೆಜ್ಜೇನು ಕೂಡುವ ರೂಢಿಯಿದ್ದರೆ, ಅದು ತಾನಾಗಿ ವಲಸೆ ಹೋದ ಮೇಲೆ ಬರಿದಾದ ಎರಿಯನ್ನೂ ಮೇಣದ ಕಲೆಯನ್ನೂ ಚೆನ್ನಾಗಿ ಕೆರೆದು ತೊಳೆದು, ಸುಣ್ಣ ಬಳಿದು, ಆ ಮೂಲೆಗೆ ಸಣ್ಣ ಕಣ್ಣಿನ ಬಲೆ ಬಿಗಿಯಬೇಕು. ಖಾಲಿ ಇರುವಾಗ ಬಾಗಿಲು ಹಾಕುವ ಈ ಕೆಲಸದಲ್ಲಿ ಒಂದು ಹುಳುವೂ ಸಾಯುವುದಿಲ್ಲ, ಯಾರಿಗೂ ಅಪಾಯವಿಲ್ಲ. ಎರಡನೆಯದಾಗಿ, ದೊಡ್ಡ ಮರದಲ್ಲಿ ಕೂಡುವ ರೂಢಿಯಿದ್ದರೆ ಆ ಮರವನ್ನು ಜೇನಿಗೆ ಬಿಟ್ಟು ವೇದಿಕೆಯನ್ನು ನಾವು ಸರಿಸಬೇಕು. ಕೆರಳಿದ ಹೆಜ್ಜೇನು ನೂರಾರು ಮೀಟರು ಬೆನ್ನಟ್ಟುವುದುಂಟು. ಕನಿಷ್ಠ ಇನ್ನೂರು ಮೀಟರಾದರೂ ಅಂತರವಿಡುವುದು ನನ್ನ ಪದ್ಧತಿ. ಸ್ಥಳ ಬದಲಿಸಲು ಸಾಧ್ಯವೇ ಇಲ್ಲದಿದ್ದರೆ ಸಭೆಯ ತಿಂಗಳನ್ನಾದರೂ ಬದಲಿಸಬಹುದು. ಊರಿನ ಹಿರಿಯರನ್ನು ಕೇಳಿದರೆ ಹುಳು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಪಂಚಾಂಗದಂತೆ ಹೇಳುತ್ತಾರೆ.

ಅಡುಗೆಯ ಒಲೆಯನ್ನು ಹೂಡುವಾಗ ಗಾಳಿ ಬೀಸುವ ದಿಕ್ಕನ್ನು ನೋಡಿ, ಹೊಗೆ ಹುಟ್ಟಿನ ಕಡೆ ಹೋಗದಂತೆ ಎಚ್ಚರ ವಹಿಸಬೇಕು. ಧ್ವನಿವರ್ಧಕ, ದೀಪದ ಸರ, ಬಾವುಟ ಇವಾವುದನ್ನೂ ಆ ಮರಕ್ಕೆ ಕಟ್ಟಬಾರದು. ಪಟಾಕಿ ಸರ್ವಥಾ ಕೂಡದು. ಸಂಜೆಯ ಸಭೆಯಾದರೆ ಜೇನಿನ ಭಯವಿಲ್ಲವೆಂದು ಭಾವಿಸುವವರುಂಟು. ತುಡುವೆಯ ಮಟ್ಟಿಗೆ ಇದು ನಿಜ. ಕತ್ತಲಾದೊಡನೆ ಅದು ಗೂಡು ಸೇರುತ್ತದೆ. ಹೆಜ್ಜೇನಾದರೋ ಬೆಳದಿಂಗಳಿನಲ್ಲಿಯೂ ಹೂವಿಗೆ ಹೋಗಬಲ್ಲುದು; ವಿದ್ಯುದ್ದೀಪದ ಪ್ರಖರ ಬೆಳಕಿಗೆ ಸೆಳೆಯಲ್ಪಟ್ಟು ಬಂದು ಬೀಳುವುದೂ ಉಂಟು. ಆದುದರಿಂದ ದೀಪಗಳನ್ನು ಹುಟ್ಟಿನ ಕಡೆ ತಿರುಗಿಸದೆ, ಬೆಳಕು ನೆಲಕ್ಕೆ ಬೀಳುವಂತೆ ಮರೆ ಮಾಡಬೇಕು.

ಅಲಂಕಾರ, ಪಾನಕ, ಪ್ರಸಾದ

ಈಗ ತುಡುವೆಯ ವಿಚಾರ. ಜೇನು ತನ್ನ ಸಂಗಾತಿಗಳಿಗೆ ಆಹಾರದ ದಿಕ್ಕನ್ನೂ ದೂರವನ್ನೂ ನರ್ತನದ ಮೂಲಕ ತಿಳಿಸುತ್ತದೆಂಬುದನ್ನು ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ ಕಂಡುಹಿಡಿದರು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಈ ಶೋಧದಲ್ಲಿ ಅಡುಗೆಯವರಿಗೂ ಒಂದು ಪಾಠವಿದೆ. ಮೊದಲು ಬರುವುದು ಒಂದೇ ಒಂದು ಹರಿಕಾರ ಹುಳು. ಅದು ಬೆಲ್ಲದ ನೀರನ್ನು ತುಂಬಿಕೊಂಡು ಗೂಡಿಗೆ ಮರಳಿದರೆ ಸ್ವಲ್ಪ ಹೊತ್ತಿನಲ್ಲಿಯೇ ಹತ್ತು, ಆಮೇಲೆ ನೂರು. ಆದ್ದರಿಂದ ಪಾನಕದ ಕೊಳಗವನ್ನು ಹುಳು ಬಂದ ಮೇಲೆ ಮುಚ್ಚುವುದು ವ್ಯರ್ಥ. ಬೆಲ್ಲ ಕದಡುವ ಮೊದಲ ಗಳಿಗೆಯಿಂದಲೇ ಒದ್ದೆ ಅರಿವೆಯನ್ನೋ ಮುಚ್ಚಳವನ್ನೋ ಹಾಕಿರಬೇಕು. ಬಗ್ಗಿಸಿ ಕೊಡುವ ಕೊಳಗಕ್ಕಿಂತ ನಲ್ಲಿಯಿರುವ ಪಾತ್ರೆ ಲೇಸು. ಚೆಲ್ಲಿದ ಪಾನಕದ ಮೇಲೆ ನೀರು ಸುರಿದು ಬೂದಿಯೋ ಮಣ್ಣೋ ಎಳೆಯಬೇಕು. ಉಂಡ ಎಲೆ, ಹಣ್ಣಿನ ಸಿಪ್ಪೆ, ಕಬ್ಬಿನ ಸಿಪ್ಪೆಗಳನ್ನು ಸಭೆಯ ಬಳಿ ಗುಡ್ಡೆ ಹಾಕದೆ ದೂರದ ಗುಂಡಿಯಲ್ಲಿ ಮುಚ್ಚಬೇಕು. ಮಕ್ಕಳಿಗೆ ಲೋಟದೊಳಗೆ ನೋಡಿ ಕುಡಿಯಲು ಹೇಳಬೇಕು. ಪಾನಕದೊಡನೆ ಬಾಯಿಗೆ ಹೋದ ಹುಳು ಗಂಟಲಲ್ಲಿ ಕುಟುಕಿದರೆ ಬಾವು ಬಂದು ಉಸಿರೇ ಕಟ್ಟೀತು.

ಅಲಂಕಾರದಲ್ಲಿಯೂ ವಿವೇಕ ಬೇಕು. ಮಾವಿನ ತೋರಣಕ್ಕೆ ಜೇನು ಬಾರದು. ಬಾಳೆಯ ಕಂಬಕ್ಕೂ ಬಾರದು. ಆದರೆ ಗೊನೆಯೊಡನೆ ಹೂಮೂತಿಯೂ ಇದ್ದರೆ ಬಾಳೆಹೂವಿನ ಹೇರಳ ಮಕರಂದಕ್ಕೆ ಖಂಡಿತ ಬಂದೀತು, ಆ ಮೂತಿಯನ್ನು ಕಡಿದು ತೆಗೆಯುವುದು ಒಳ್ಳೆಯದು. ಮಂಟಪಕ್ಕೆ ಕಟ್ಟುವ ಕಬ್ಬಿನ ಜಲ್ಲೆಯ ತುದಿಗಳಿಂದ ರಸ ಒಸರುತ್ತದೆ. ಕಡಿದ ತುದಿಗೆ ಅರಿವೆ ಸುತ್ತಿ ಬಿಗಿದರೆ ಸಾಕು. ಗುಲಾಬಿ ನೀರು, ಅತ್ತರುಗಳನ್ನು ಹುಟ್ಟಿನ ಸಮೀಪದ ಸಭೆಯಲ್ಲಿ ಎರಚದಿರುವುದು ಕ್ಷೇಮ.

ಬೇಸಗೆಯಲ್ಲಿ ಜೇನಿಗೆ ಸಿಹಿಗಿಂತ ನೀರಿನ ಹಂಬಲ ಹೆಚ್ಚು. ಗೂಡನ್ನು ತಂಪಾಗಿಡಲು ಅವು ನೀರು ಹೊರುತ್ತವೆ. ಕುಡಿಯುವ ನೀರಿನ ನಲ್ಲಿಯ ಬಳಿ ಹುಳು ಮುತ್ತುವುದು ಇದಕ್ಕಾಗಿಯೇ. ಸಭೆಗೆ ಒಂದು ವಾರ ಮುಂಚಿತವಾಗಿಯೇ, ಜನ ಸುಳಿಯದ ಕಡೆ, ಅಗಲವಾದ ತಟ್ಟೆಗಳಲ್ಲಿ ಹರಳುಕಲ್ಲು ಹರಡಿ ನೀರು ತುಂಬಿಡಬೇಕು. ದಿನವೂ ಒಣಗದಂತೆ ನೋಡಿಕೊಳ್ಳಬೇಕು. ಒಮ್ಮೆ ರೂಢಿಯಾದ ನೀರಿನ ತಾಣವನ್ನು ಜೇನು ಸುಲಭವಾಗಿ ಬಿಡುವುದಿಲ್ಲ. ಸಭೆಯ ದಿನ ಅವುಗಳ ದಾರಿ ಅತ್ತ, ನಮ್ಮ ದಾರಿ ಇತ್ತ. ಅಲ್ಲಿ ಸಕ್ಕರೆ ನೀರು ಇಡಕೂಡದು. ಅದು ಇನ್ನಷ್ಟು ಹುಳುಗಳನ್ನು ಕರೆಸೀತು.

ಎಷ್ಟು ಎಚ್ಚರವಿದ್ದರೂ ಎರಗಿದರೆ

ಎರಗಿದಾಗ ಕೂಗುವುದು, ಕೈ ಬೀಸುವುದು ಬೇಡ. ತಲೆ ಮುಖಗಳನ್ನು ಅಂಗಿ, ಸೆರಗು, ಶಲ್ಯಗಳಿಂದ ಮುಚ್ಚಿಕೊಂಡು ನೇರವಾಗಿ ಓಡಿ, ಬಾಗಿಲು ಹಾಕಬಹುದಾದ ಕೋಣೆಯನ್ನೋ ವಾಹನವನ್ನೋ ಸೇರಬೇಕು. ಕೆರೆಗೋ ಬಾವಿಗೋ ಧುಮುಕಬಾರದು; ಹುಳುಗಳು ಮೇಲೆ ಸುಳಿಯುತ್ತ ತಲೆ ಎದ್ದಾಗ ಕುಟುಕುತ್ತವೆ, ಈಜು ಬಾರದವರು ಮುಳುಗುತ್ತಾರೆ. ಓಡಲಾರದ ವೃದ್ಧರನ್ನೂ ಶಿಶುಗಳನ್ನೂ ಜಮಖಾನ, ಚಾದರಗಳಿಂದ ಪೂರ್ತಿ ಮುಚ್ಚಿ ಅಂಚನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಶಾಲೆಯ ಕೋಣೆಗಳಿಗೆ ಸಮಾರಂಭದ ದಿನ ಬೀಗ ಹಾಕುವ ಪದ್ಧತಿ ಹಲವೆಡೆ ಇದೆ. ಕನಿಷ್ಠ ನಾಲ್ಕು ಕೋಣೆಗಳಾದರೂ ತೆರೆದಿರಲಿ.

ಚರ್ಮದಲ್ಲಿ ಉಳಿದ ಮುಳ್ಳು ಹುಳು ಹೋದ ಮೇಲೂ ವಿಷವನ್ನು ಒತ್ತುತ್ತಲೇ ಇರುತ್ತದೆ. ಅದನ್ನು ಹಿಸುಕಿ ತೆಗೆಯಬಾರದು, ಕೆರೆದೇ ತೆಗೆಯಬೇಕೆಂದು ಹಿಂದೆ ಹೇಳುತ್ತಿದ್ದರು. 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದ ಪ್ರಯೋಗದ ವರದಿಯಂತೆ ತೆಗೆಯುವ ಕ್ರಮಕ್ಕಿಂತ ತೆಗೆಯುವ ವೇಗ ಮುಖ್ಯ. ಉಗುರಿನಿಂದಲೋ ಬೆರಳಿನಿಂದಲೋ, ಸುರಕ್ಷಿತ ಸ್ಥಳ ಸೇರಿದೊಡನೆ ತೆಗೆದುಬಿಡಬೇಕು. ಉಸಿರಾಟದ ಕಷ್ಟ, ನಾಲಗೆ-ತುಟಿಗಳ ಬಾವು, ತಲೆಸುತ್ತು ಕಂಡರೆ ಒಂದೇ ಕುಟುಕಾದರೂ ಕ್ಷಣ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣರಕ್ಷಕ. ಹತ್ತಾರು ಕುಟುಕು ಬಿದ್ದವರು ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಕಣ್ಣಿನ ಮುಂದಿರಬೇಕು. ಹೆಚ್ಚು ವಿಷ ಸೇರಿದಾಗ ಮೂತ್ರಪಿಂಡಗಳಿಗೆ ಆಗುವ ಹಾನಿ ಕೆಲವು ಗಂಟೆಗಳ, ಕೆಲವೊಮ್ಮೆ ದಿನಗಳ ಅನಂತರ ತೋರುತ್ತದೆ. ಸುಣ್ಣ, ಅರಿಶಿನ ಹಚ್ಚುತ್ತ ಕೂರುವ ಕಾಲ ಇದಲ್ಲ.

ಸುಟ್ಟರೇನು?

"ಇಷ್ಟೆಲ್ಲ ತೊಡಕೇಕೆ, ಸುಟ್ಟರಾಯಿತು" ಎನ್ನುವವರು ಇಂದಿಗೂ ಇದ್ದಾರೆ. ಸುಟ್ಟ ಜಾಗಕ್ಕೆ ಮತ್ತೊಂದು ಹಿಂಡು ಬರುವುದೆಂಬುದನ್ನು ಮೇಲೆ ಹೇಳಿದ್ದೇನೆ. ಅದಕ್ಕಿಂತ ಮಿಗಿಲಾದ ನಷ್ಟ ಹೊಲದಲ್ಲಿದೆ. ಸೂರ್ಯಕಾಂತಿಯ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವವರು ಕಡಿಮೆಯಾದರೆ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಈರುಳ್ಳಿಯ ಬೀಜ ಕಟ್ಟುವುದಕ್ಕೂ ಹುಳುಗಳೇ ಬೇಕು. 1991-92ರ ಸುಮಾರಿಗೆ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ತಗುಲಿ ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಸಂಸಾರಗಳು ಅಪಾರ ಸಂಖ್ಯೆಯಲ್ಲಿ ನಾಶವಾದವು. ಪೆಟ್ಟಿಗೆಯ ಜೇನು ಹೀಗೆ ಕ್ಷೀಣಿಸಿದಾಗ ಬಯಲುಸೀಮೆಯ ಹೊಲಗಳಿಗೆ ಕಾಡಿನ ಹುಳುವೇ ಗತಿ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಆದುದರಿಂದ ಅದು ಕೂಡುವ ಮರಗಳನ್ನು ಉಳಿಸುವುದೇ ಅದನ್ನು ಉಳಿಸುವ ದಾರಿ. ಜನನಿಬಿಡ ಸ್ಥಳದಲ್ಲಿ ಕೂತು ತೆಗೆಯಲೇಬೇಕಾದ ಪ್ರಸಂಗ ಬಂದರೂ ಅನುಭವಸ್ಥರನ್ನು ಕರೆಸಿ, ಸಭೆಗೆ ಹಲವು ದಿನ ಮುಂಚೆಯೇ, ರಾತ್ರಿಯ ವೇಳೆ, ಸುಡದೆ ತೆಗೆಸಬೇಕು. ಹಿಂದಿನ ದಿನ ಎಬ್ಬಿಸಿದ ಹುಳು ಮರುದಿನ ಅಲ್ಲಿಯೇ ಸುತ್ತುತ್ತ ಕೆರಳಿರುತ್ತದೆ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಸಮಾರಂಭಗಳಲ್ಲಿ ಸ್ವಾಗತ ಸಮಿತಿ, ಊಟದ ಸಮಿತಿ, ವೇದಿಕೆ ಸಮಿತಿಗಳೆಲ್ಲ ಇರುತ್ತವೆ. ಅವುಗಳ ಜೊತೆಗೆ ಒಬ್ಬರಿಗೆ ಒಂದು ಕೆಲಸ ವಹಿಸಿರಿ. ಸಭೆಗೆ ಒಂದು ವಾರ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ, ಅವರು ಅಂಗಳದ ಸುತ್ತ ನಡೆದು ಪ್ರತಿ ಮರವನ್ನೂ ಪ್ರತಿ ಸಜ್ಜೆಯನ್ನೂ ತಲೆಯೆತ್ತಿ ನೋಡಿ ಬರಲಿ. ಅವರು "ಮೇಲೆ ಹುಳುಗಳಿವೆ" ಎಂದರೆ, ಅವರು ಅಡುಗೆಯವರಾಗಿರಲಿ, ಜವಾನರಾಗಿರಲಿ, ಒಲೆಯನ್ನೂ ವೇದಿಕೆಯನ್ನೂ ಸರಿಸುವ ಅಧಿಕಾರವನ್ನು ಅವರಿಗೆ ಕೊಡಿರಿ. ಆ ದಿನ ನಾನು ಅಷ್ಟು ಮಾಡಿದ್ದರೆ ಸಾಕಾಗಿತ್ತು. ಆ ಮುದುಕಿಯ ಹೆಸರನ್ನು ಸಹ ಕೇಳಿ ತಿಳಿದುಕೊಳ್ಳದ ನಾನು, ಅಂದಿನಿಂದ ಇಂದಿನವರೆಗೆ ಯಾವ ಮರದ ಕೆಳಗೆ ಕುಳಿತರೂ ಮೊದಲು ಮೇಲೆ ನೋಡುತ್ತೇನೆ.